ಗಂಡಿಲ್ಲದ ಮನೆಯ ಕಾಯಿಲೆ

ಬಿಷ್ಕೆಕ್‌ನ ಆ ಆಸ್ಪತ್ರೆಗೆ ಹೆಂಗಸರು ಪರೀಕ್ಷೆಯ ಮಂಚಕ್ಕೆಂದು ಹಾಸುಬಟ್ಟೆ, ಕಾಲುಚೀಲ ಮನೆಯಿಂದಲೇ ಒಯ್ಯಬೇಕು. ಚೋಲ್ಪೋನ್ ಒಯ್ದಿದ್ದಳು, ಮಡಿಕೆ ಬಿಚ್ಚದೆಯೇ ಹೊರಬಂದಳು. ಗಂಡನ ಜೊತೆ ಸಂಸಾರ ಇದೆಯಾ ಎಂದು ಡಾಕ್ಟರಮ್ಮ ಕೇಳಿದರು, ಇಲ್ಲವೆಂದಳು. ಸುಳ್ಳೇನೂ ಅಲ್ಲವಲ್ಲ! ಹಾಗಿದ್ದರೆ ಪರೀಕ್ಷೆ ಯಾಕೆ, ಹೂವಿನ ಕಷಾಯದಲ್ಲಿ ತೊಳೆದುಕೋ ಎಂದು ಚೀಟಿ ಗೀಚಿ ಕಳಿಸಿಬಿಟ್ಟರು. ಎರಡು ವಾರದ ಉರಿ, ತುರಿಕೆಗೆ ಹೂವಿನ ನೀರಂತೆ.

ಹೊರಗೆ ಬೆಂಚಿನ ತುದಿಯಲ್ಲಿ ಬೆಗಿಮಾಯ್ ಮುಖ ಊದಿಸಿಕೊಂಡು ಕೂತಿದ್ದಳು. ಒಂದೇ ಹೊಲಿಗೆ ಕಾರ್ಖಾನೆ, ಒಂದೇ ಕೋಣೆ, ಒಂದೇ ಹಾಸಿಗೆ. ನೆರೆಯವರ ಪಾಲಿಗೆ ಇಬ್ಬರೂ ದಾಯಾದಿ ಅಕ್ಕತಂಗಿಯರು. ಇಂಥ ಕಾಯಿಲೆ ಗಂಡಸಿನಿಂದಲ್ಲದೆ ಬರುವುದಿಲ್ಲ ಎಂದೇ ಇಬ್ಬರೂ ನಂಬಿದ್ದರು. ಅದಕ್ಕೇ ನಿನ್ನೆ ಬೆಗಿಮಾಯ್ ಒಂದೇ ಮಾತು ಕೇಳಿದ್ದಳು, ಯಾರವನು ಎಂದು. ಯಾರೂ ಇಲ್ಲವೆಂದು ಚೋಲ್ಪೋನ್ ಆಣೆ ಹಾಕಿದರೂ ನಂಬಲಿಲ್ಲ.

ಚೋಲ್ಪೋನ್‌ಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಮೆಟ್ಟಿಲವರೆಗೆ ಹೋದಳು, ತಿರುಗಿದಳು, ಮತ್ತೆ ಹೋದಳು. ಕಷಾಯದ ಚೀಟಿ ಹಿಡಿದು ಮನೆಗೆ ಹೋದರೆ ಬೆಗಿಮಾಯ್ ಗಂಟುಮೂಟೆ ಕಟ್ಟುವುದು ಖಂಡಿತ. ಸರತಿಯವರು ಗೊಣಗುತ್ತಿದ್ದರೂ ಬಾಗಿಲು ತಳ್ಳಿ ಒಳನುಗ್ಗಿದಳು.

"ಗಂಡ ಇಲ್ಲ ಅಕ್ಕಾ. ಆದ್ರೆ ನಾನು ಒಬ್ಬ ಹೆಂಗಸಿನ ಜೊತೆ ಇದೀನಿ."

ಡಾಕ್ಟರಮ್ಮನ ಪೆನ್ನು ನಿಂತಿತು. ಕೋಪ ಬಂದದ್ದು ಯಾರ ಮೇಲೋ, ಪರೀಕ್ಷಿಸದೆ ಕಳಿಸಿದ ತಮ್ಮ ಮೇಲೆಯೇ ಇರಬೇಕು.

"ಅದನ್ನ ಆಗಲೇ ಹೇಳೋದಲ್ವೇನೇ? ಮಂಚ ಹತ್ತಿ ಮಲಗು."

ಒಂದು ಗಂಟೆಯಲ್ಲಿ ಪ್ರಯೋಗಾಲಯದ ಚೀಟಿ ಬಂತು, ಟ್ರೈಕೊಮೊನಾಸ್ ಎಂಬ ರೋಗಾಣು. ಜೊತೆಗಾತಿಯನ್ನೂ ಕರೆಸಿದರು. ಈ ರೋಗಕ್ಕೆ ಗಂಡಸೇ ಬೇಕೆಂದಿಲ್ಲ, ಒಬ್ಬರ ಸ್ರಾವ ಇನ್ನೊಬ್ಬರಿಗೆ ತಾಗಿದರೆ ಸಾಕು, ತೊಳೆಯದ ಕೈಯಿಂದಲೂ ಹಾಸಿಗೆಯಲ್ಲಿ ಹಂಚಿಕೊಂಡ ಸಾಮಾನಿನಿಂದಲೂ ದಾಟುತ್ತದೆ ಎಂದರು. ಒಬ್ಬಳೇ ಮಾತ್ರೆ ನುಂಗಿದರೆ ಇನ್ನೊಬ್ಬಳಿಂದ ತಿರುಗಿ ಬರುತ್ತದಂತೆ. ಕೆಲವರಲ್ಲಿ ತಿಂಗಳುಗಟ್ಟಲೆ ಸುಳಿವೇ ಕೊಡದೆ ಕೂತಿರುತ್ತದಂತೆ.

ಬೆಗಿಮಾಯ್ ಗಂಡನನ್ನು ಬಿಟ್ಟು ಬಂದು ಎಂಟು ತಿಂಗಳಾಗಿತ್ತು. ಅವಳ ಮುಖ ಬಿಳಿಚಿತು.

"ಹಾಗಾದ್ರೆ ನನ್ನಿಂದ್ಲೇ ಬಂದಿರಬಹುದಾ?"

"ಬಂದಿರಬಹುದು. ಯಾರಿಂದ ಅಂತ ಪಂಚಾಯ್ತಿ ಬೇಡ. ಇಬ್ರೂ ಮಾತ್ರೆ ತಗೊಳ್ಳಿ. ವಾಸಿ ಆಗೋವರ್ಗೂ ದೂರ ಮಲಗಿ."

ನಿನ್ನೆಯಿಂದ ಚೋಲ್ಪೋನ್ ಕಾದದ್ದು ಇಂಥದೊಂದು ಮಾತಿಗೇ. ನೋಡಿದೆಯಾ ಎಂದು ಚುಚ್ಚುವ ಆಸೆ ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಬೆಗಿಮಾಯ್ ತಲೆ ತಗ್ಗಿಸಿಯೇ ಕೇಳಿದಳು:

"ನಾನಿನ್ನೂ ಮನೆಗೆ ಬರಬಹುದಾ?"

ಚೋಲ್ಪೋನ್‌ಗೆ ಅಳು ಬಂತು. ಡಾಕ್ಟರಮ್ಮನ ಎದುರಿಗೇ ಅವಳ ಕೈ ಹಿಡಿದುಕೊಂಡಳು.