ಜಿಂಕೆ ಬೇಟೆಗೆ ಕಟ್ಟಿದ ಗಂಟು

ರೈಹಾನಾಳ ಹಳೆಯ ಹತ್ತಿ ಸೀರೆಯಲ್ಲಿ ತೂತುಗಳು ಬಿದ್ದಿದ್ದವು. ಇಲಿ ಕಡಿದದ್ದಲ್ಲ, ಇಸ್ತ್ರಿ ತಾಗಿದ್ದೂ ಅಲ್ಲ. ಕತ್ತರಿ ಹಿಡಿದು ಅಳೆದು ತೆಗೆದ ಹಾಗೆ ಸೆರಗಿನ ತುಂಬ ದುಂಡು ದುಂಡು ತೂತು. ಕತಾರಿನ ಅಲ್ ರಯ್ಯಾನಿನಲ್ಲಿದ್ದ ಆ ಪುಟ್ಟ ಮನೆಯಲ್ಲಿ ಅವಳನ್ನು ಬಿಟ್ಟರೆ ಇದ್ದವನು ಗಂಡ ಝುಬೈರ್ ಒಬ್ಬನೇ.

ಅವಳು ಕೇಳಲಿಲ್ಲ. ಕೇಳಿದರೆ ಸುಳ್ಳಿಗೆ ದಾರಿ ತೋರಿಸಿದಂತೆ ಎಂದು ಬಲ್ಲವಳು. ಸುಮ್ಮನೆ ನೋಡುತ್ತ ಬಂದಳು. ನೋಡಿದಷ್ಟೂ ಕಂಡಿತು. ಒಗ್ಗರಣೆ ಸೌಟಿನ ತಳದಲ್ಲಿ ಸೀಸ ಕರಗಿಸಿದ ಬೂದು ಕಲೆ. ಫ್ರಿಜ್ಜಿನಲ್ಲಿಟ್ಟ ಆಡಿನ ಕೊಬ್ಬು ಅರ್ಧ ಮಾಯ. ಕತಾರಿ ಧಣಿಯ ಕಾರು ಓಡಿಸುವ ಗಂಡನ ಬೆರಳುಗಳಲ್ಲಿ ಕೊಳೆತ ಮೊಟ್ಟೆಯಂಥ ವಾಸನೆ. ಅವಳು ಬಟ್ಟೆ ತರಲು ತಾರಸಿಗೆ ಹತ್ತಿದ ಒಂದು ಸಂಜೆ, ಒಣಹಾಕಿದ ಚಾದರದ ಮೇಲಿಂದ ಅವನ ತಲೆ ಮಾತ್ರ ಕಂಡಿತು. ಎದುರಿನ ಕಟ್ಟಡದಲ್ಲಿ ಮಲಯಾಳಿ ನರ್ಸುಗಳ ಮನೆ. ಝುಬೈರ್ ಆ ಮನೆಯ ಕಿಟಕಿಯತ್ತ ಒಂದು ಕಣ್ಣು ಮುಚ್ಚಿದ. ಬಿಟ್ಟ. ಮತ್ತೆ ಮುಚ್ಚಿದ.

ಇಷ್ಟರ ನಡುವೆ ಊಟಕ್ಕೆ ಕುಳಿತಾಗ ಅವನು ಹೇಳಿದ್ದ: "ನೀನು ಸ್ವಲ್ಪ ಸಮಯ ಉಪ್ಪಿನಂಗಡಿಗೆ ಹೋಗಿ ಇರು. ಟಿಕೆಟ್ ನಾನು ನೋಡ್ತೇನೆ."

ಪಕ್ಕದ ಮನೆಯ ಉಮಾವತಿಗೆ ಇದನ್ನೆಲ್ಲ ಹೇಳಿದಾಗ ಆಕೆ ಹೆಚ್ಚುತ್ತಿದ್ದ ಬೆಂಡೆಕಾಯಿ ಬದಿಗಿಟ್ಟಳು.

"ನಿನ್ನ ಬಟ್ಟೆ, ಸೀಸ, ಕೊಬ್ಬು! ಇದು ಮಾಟವೇ ಮಾರಾಯ್ತಿ. ನನ್ನ ದೊಡ್ಡಮ್ಮನಿಗೆ ಹೀಗೇ ಮಾಡಿದ್ದು. ಮತ್ತೆ ಗಂಡನ ಮನೆಯ ಅಂಗಳ ಹತ್ಲಿಲ್ಲ ಅವ್ರು."

"ನಿಮ್ಮವರಲ್ಲೂ ಹೀಗೇನಾ?"

"ಮಾಟಕ್ಕೆ ಜಾತಿ ಉಂಟಾ?"

ರೈಹಾನಾಳಿಗೆ ಎಲ್ಲವೂ ಸ್ಪಷ್ಟವಾಯಿತು. ತನ್ನನ್ನು ಮಾಟ ಮಾಡಿ ಊರಿಗೆ ಓಡಿಸುವುದು, ಆ ಕಿಟಕಿಯವಳನ್ನು ಈ ಮನೆಗೆ ತರುವುದು. ಹನ್ನೊಂದು ವರ್ಷ ಬಾಳಿದ ಮನೆ!

ಅವನು ಕೆಲಸಕ್ಕೆ ಹೋದ ಮೇಲೆ ಮನೆಯೆಲ್ಲ ತಡಕಿದಳು. ಕಪಾಟಿನ ಮೇಲಿನ ಸೂಟ್‌ಕೇಸಿನೊಳಗೆ ಸಿಕ್ಕಿತು ಗಂಟು. ಬಿಚ್ಚಿದರೆ ಸೀಸದ ಗುಂಡುಗಳು, ಕೊಬ್ಬು ಸವರಿದ ಅವಳದೇ ಸೀರೆಯ ಬಿಲ್ಲೆಗಳು, ಒಂದು ಡಬ್ಬಿ ತುಂಬ ಕರಿಪುಡಿ. ಮಾಟದ ಗಂಟನ್ನು ಬೆಂಕಿಗೆ ಹಾಕಬಾರದು, ಓದಿದ ನೀರಿನಲ್ಲಿ ಅದ್ದಬೇಕು ಎಂದು ಅವಳ ಉಮ್ಮ ಹೇಳುತ್ತಿದ್ದರು. ಬಕೆಟ್ಟಿಗೆ ನೀರು ತುಂಬಿ, ಕುರ್‌ಆನ್ ಓದಿ ಊದಿ, ಗಂಟನ್ನು ಪುಡಿಸಮೇತ ಮುಳುಗಿಸಿದಳು. ನೀರು ಇದ್ದಿಲಿನಂತೆ ಕಪ್ಪಾಯಿತು. ವಿಷ ಇಳಿಯಿತು ಎಂದುಕೊಂಡಳು.

ಅಂದು ಗುರುವಾರ. ಬೇಗ ಬಂದ ಝುಬೈರ್ ಬಕೆಟ್ ಕಂಡು ತಲೆಗೆ ಕೈಯಿಟ್ಟು ಕುಳಿತ.

"ಖಲಾಸ್! ಎಂಥ ಮಾಡಿದೆ ನೀನು?"

"ನೀವು ಮಾಡಿದ್ದನ್ನು ಬಿಡಿಸಿದೆ. ಆ ನರ್ಸಿನ ಹೆಸರೇನು, ಅದನ್ನು ಹೇಳಿ ಮೊದಲು."

"ಯಾವ ನರ್ಸು? ಅದು ಕೋವಿಯ ಪುಡಿ! ಬೆಂಕಿಗೆ ಹಾಕದೆ ಬಿಟ್ಟದ್ದು ನಮ್ಮ ಪುಣ್ಯ."

ಆಮೇಲೆ ಒಂದೊಂದಾಗಿ ಹೊರಬಿತ್ತು. ಅರಬಾಬನ, ಅಂದರೆ ಧಣಿಯ, ತೋಟದಲ್ಲಿ ಬೇಲಿಯೊಳಗೆ ಸಾಕಿದ ಜಿಂಕೆಗಳು ಹೆಚ್ಚಾಗಿವೆ. ಮರುದಿನ, ಶುಕ್ರವಾರ, ಒಂದನ್ನು ಅಜ್ಜನ ಕಾಲದ ಉದ್ದ ಕೋವಿಯಿಂದ ಹೊಡೆಯಬೇಕೆಂದು ಅವನ ಆಸೆ. ಬಾಯಿಯಿಂದ ತುಂಬುವ ಕೋವಿ ಅದು. ಮೊದಲು ಪುಡಿ, ಮೇಲೆ ಕೊಬ್ಬು ಸವರಿದ ಬಟ್ಟೆಯಲ್ಲಿ ಸುತ್ತಿದ ಗುಂಡು, ಮತ್ತೆ ಸರಳಿನಿಂದ ಒತ್ತಿ ನೂಕುವುದು. ಅದರ ಮಾತು ಬಂದಾಗ ಝುಬೈರ್, ಊರಿನ ಕಾಡಿನಲ್ಲಿ ತಾನು ಇಂಥ ಕೋವಿಯಿಂದ ಎಷ್ಟೋ ಹೊಡೆದವನು ಎಂದುಬಿಟ್ಟಿದ್ದ. ಹಾಗಾದರೆ ಮೊದಲ ಗುಂಡು ನಿನ್ನದೇ ಎಂದ ಅರಬಾಬ್, ಪುಡಿಯನ್ನೂ ಗುಂಡೆರೆಯುವ ಅಚ್ಚನ್ನೂ ಅವನ ಕೈಗೇ ಕೊಟ್ಟಿದ್ದ.

"ನೀವು ಒಂದು ಕಾಗೆಗೂ ಕಲ್ಲು ಹೊಡೆದವರಲ್ಲ!"

"ಅದಕ್ಕೇ ತಾರಸಿಯಲ್ಲಿ ನೆಲ ಒರೆಸುವ ಕೋಲು ಹಿಡಿದು ಗುರಿ ಕಲಿತದ್ದು. ಸುಳ್ಳು ಗೊತ್ತಾದರೆ ಕೆಲಸ ಹೋಗ್ತದೆ. ನನ್ನನ್ನು ಹೊರಹಾಕುದು ನೀನು ನೋಡುದು ಬೇಡ ಅಂತ ಊರಿಗೆ ಹೋಗು ಅಂದೆ."

ರೈಹಾನಾ ಬಕೆಟ್ಟಿನಿಂದ ಒಂದು ಗುಂಡು ತೆಗೆದು ತಿರುಗಿಸಿ ನೋಡಿದಳು. ಇಷ್ಟು ಉದ್ದದ ಕಥೆ ನಿಜವಾಗಿರುತ್ತದೆಯೇ?

"ನಾಳೆ ನಾನೂ ಬರ್ತೇನೆ. ಕೋವಿ ಇದ್ದದ್ದು ಹೌದಾದರೆ ಕಣ್ಣಿಗೆ ಕಾಣ್ಲಿ."

ಕೋವಿ ಇತ್ತು. ಅರಬಾಬನ ತಾಯಿಯ ಪಕ್ಕದಲ್ಲಿ ಡೇರೆಯ ನೆರಳಲ್ಲಿ ಕುಳಿತು ರೈಹಾನಾ ನೋಡಿದಳು. ಬಕೆಟ್ಟಿನ ನೀರು ಸೋಸಿ, ಬೆಳಿಗ್ಗೆಯಿಂದ ಬಿಸಿಲಿಗೆ ಹರವಿ ಒಣಗಿಸಿದ ಪುಡಿಯನ್ನೇ ಝುಬೈರ್ ತುಂಬಿದ. ಬಿಸ್ಮಿಲ್ಲಾ ಎಂದು ಟ್ರಿಗರ್ ಎಳೆದ. ಕೋವಿ ಫುಸ್ಸೆಂದು ಕೆಮ್ಮಿತು. ಗುಂಡು ನಳಿಗೆಯ ತುದಿಯಿಂದ ಜಾರಿ ಮರಳಿಗೆ ಬಿತ್ತು. ಜಿಂಕೆ ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿತು.

ಯಾರೂ ನಗಲಿಲ್ಲ. ಅರಬಾಬನ ಕಣ್ಣು ಸಣ್ಣದಾಯಿತು.

"ಇಷ್ಟು ಬೇಟೆಯಾಡಿದವನಿಗೆ ಪುಡಿ ತುಂಬಲು ಬರುವುದಿಲ್ಲವೇ?" ಎಂದು ಹಿಂದಿಯಲ್ಲಿ ಕೇಳಿದ.

ಝುಬೈರ್ ಬಾಗಿ ಮರಳಲ್ಲಿ ಬಿದ್ದ ಗುಂಡನ್ನು ಹುಡುಕತೊಡಗಿದ. ಸತ್ಯವೆಲ್ಲ ಒದರಿಬಿಟ್ಟರೆ ಗಂಡನಿಗೆ ತಕ್ಕ ಶಾಸ್ತಿ ಎಂದು ರೈಹಾನಾಳಿಗೆ ಒಂದು ಗಳಿಗೆ ಅನ್ನಿಸಿತು. ಆದರೆ ಅವಳು ಮುದುಕಿಯತ್ತ ತಿರುಗಿ, ಬರುವಷ್ಟು ಹಿಂದಿಯಲ್ಲಿ, ನಡುನಡುವೆ ಅರಬಿ ಸೇರಿಸಿ, ಬೇಕಾದಷ್ಟೇ ಹೇಳಿದಳು: ಪುಡಿ ನೋಡಿ ಸಿಹ್ರ್, ಮಾಟ, ಎಂದುಕೊಂಡೆ, ನಾನೇ ನೀರಿಗೆ ಹಾಕಿದೆ, ಅವರದೇನೂ ತಪ್ಪಿಲ್ಲ.

ಮುದುಕಿ ಮೊದಲು ಬಾಯಿ ತೆರೆದಳು, ಆಮೇಲೆ ಹೊಟ್ಟೆ ಹಿಡಿದು ನಕ್ಕಳು. ಮಗನನ್ನು ಕೂಗಿ ಕರೆದು ಎಲ್ಲ ಹೇಳಿದಳು. ಅರಬಾಬ್ ಕೋವಿ ಊರಿ ನಿಂತು ನಕ್ಕುಬಿಟ್ಟ.

"ಗಂಡಸರು ಹೇಳದೆ ಮಾಡಿದ್ದೆಲ್ಲ ಮಾಟವೇ. ನಾನಾಗಿದ್ದರೂ ನೀರಿಗೇ ಹಾಕುತ್ತಿದ್ದೆ," ಎಂದು ಮುದುಕಿ ರೈಹಾನಾಳ ಕೈ ತಟ್ಟಿದಳು.

ಹೊಸ ಪುಡಿ ತರಿಸುತ್ತೇನೆ, ಮೊದಲ ಗುಂಡು ಈಗಲೂ ನಿನ್ನದೇ ಎಂದು ಅರಬಾಬ್ ಝುಬೈರನ ಬೆನ್ನು ಚಪ್ಪರಿಸಿದ.

ಹಿಂದಿರುಗುವ ದಾರಿಯಲ್ಲಿ ಝುಬೈರ್ ಮೆಲ್ಲಗೆ ಹೇಳಿದ, "ನನ್ನ ಮಾನ ಉಳಿಸಿದೆ ನೀನು."

"ಕೆಲಸ ಉಳಿಸಿದ್ದು. ಊರಿಗೆ ಹೋಗುದಿಲ್ಲ ನಾನು, ತಿಳೀತಾ?"

"ಇಲ್ಲ ಮಾರಾಯ್ತಿ, ಆ ಮಾತು ಇನ್ನಿಲ್ಲ."

ಅವಳ ಎದೆಯ ಮೇಲಿನ ಕಲ್ಲು ಇಳಿಯಿತು. ಆದರೆ ಸಂಶಯ ಅಂಥದ್ದು, ಒಂದು ಕಡೆ ಎಬ್ಬಿಸಿದರೆ ಇನ್ನೊಂದು ಕಡೆ ಹೋಗಿ ಕೂರುತ್ತದೆ. ಸ್ವಲ್ಪ ದೂರ ಹೋದ ಮೇಲೆ ಅವಳು ಕೇಳಿದಳು:

"ಅರಬಾಬನಿಗೇ ಅಷ್ಟು ಹೇಳಿದವರು ನೀವು. ಹೆಣ್ಣು ನೋಡಲು ಬಂದ ದಿನ ನಮ್ಮ ಬಾಪನ ಹತ್ತಿರ ಏನೆಲ್ಲ ಹೇಳಿದ್ದಿರಿ?"

ಝುಬೈರ್ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಖಾಲಿ ರಸ್ತೆಯನ್ನು ಬಹಳ ಎಚ್ಚರಿಕೆಯಿಂದ ನೋಡತೊಡಗಿದ.