ಸೊಟ್ಟ ಬೆಸುಗೆ

"ಥೂ! ಇದೂ ಒಂದು ಬೆಸುಗೆನಾ?"

ಬೆಸುಗೆ ಯಂತ್ರದ ಪುಟ್ಟ ಪರದೆಗೆ ಮೂಗು ತಾಗಿಸಿಕೊಂಡು ಅವನು ಗೊಣಗಿದ. ಉಕ್ಕಿನ ಪಟ್ಟಿಯೊಂದರಿಂದ ಅವನು ಬಿಡಿಸಿ ಇಟ್ಟಿದ್ದ, ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ; ಕೂಡಿಸಿದ ಕಡೆ ಎರಡು ತುದಿಗಳೂ ಪಕ್ಕಕ್ಕೆ ಜರುಗಿ ಕೂತಿದ್ದವು. ಟೆಲಿಫೋನ್ ಕೇಬಲ್ಲಿನ ಎಳೆ ಬೆಸೆಯುವುದೇ ಅವನ ಕಸುಬು. ಅವನ ಬೆಸುಗೆ ಎಲ್ಲಿದೆಯೆಂದು ಎಳೆಯೊಳಗೆ ಹರಿಯುವ ಬೆಳಕಿಗೂ ಗೊತ್ತಾಗುತ್ತಿರಲಿಲ್ಲ.

ಹೆಂಡತಿಯನ್ನು ಮನೆಗೆ ಕರೆದೊಯ್ಯಲು ಅವಳ ಪ್ರಯೋಗಾಲಯಕ್ಕೆ ಬಂದಿದ್ದ. ಅವಳು ಪರೀಕ್ಷಕರನ್ನು ಕರೆತರಲು ಮೇಲಿನ ಮಹಡಿಗೆ ಹೋಗಿದ್ದಳು, ಕೊಕ್ಕರೆಯ ಜೊತೆ. ಕೊಕ್ಕರೆ ಎಂದರೆ ಅವಳ ಉದ್ದ ಕಾಲಿನ ಸಹೋದ್ಯೋಗಿ; ಹೆಸರಿಟ್ಟವನು ಇವನೇ. ಊಟಕ್ಕೆ ಕೂತರೆ ಅವಳ ಬಾಯಲ್ಲಿ ಕೊಕ್ಕರೆ ಮಾತು, ದೀಪ ಆರಿಸಿದ ಮೇಲೂ ಕೊಕ್ಕರೆ ಮಾತು. "ಉಕ್ಕಿನ ಪಟ್ಟಿ ಒಂಚೂರು ಬಗ್ಗಿದ್ರೂ ಗೊತ್ತಾಗುತ್ತೆ ರೀ. ಎಲ್ಲಾ ಆ ಎರಡು ಬೆಸುಗೆ ಮಹಿಮೆ. ಅವರಂತೂ ಕುಣಿದೇಬಿಟ್ರು!" ಇವತ್ತು ಪರೀಕ್ಷಕರು ಒಪ್ಪಿದರೆ ಎಳೆ ಸೇತುವೆಯ ಬಾಗು ಅಳೆಯಲು ಹೋಗುತ್ತದೆ, ಅವಳ ಕೆಲಸ ಕಾಯಂ ಆಗುತ್ತದೆ. ಬೆಸೆದವರು ಯಾರೆಂದು ಮಾತ್ರ ಇವನು ಕೇಳಿರಲಿಲ್ಲ. ಕೇಳುವುದೇನು, ಕೊಕ್ಕರೆಯೇ ಇರಬೇಕು. ಇಷ್ಟು ವರ್ಷದಲ್ಲಿ ತನ್ನ ಕೈಕೆಲಸವನ್ನು ಅವಳು ಒಮ್ಮೆಯಾದರೂ ಹೊಗಳಿದ್ದುಂಟೇ?

"ಬೆಸುಗೆ ಅಂದ್ರೆ ಏನು ಅಂತ ತೋರಿಸ್ತೀನಿ ತಾಳು," ಅಂದುಕೊಂಡ. ಎರಡೂ ಬೆಸುಗೆ ಕತ್ತರಿಸಿದ, ತುದಿಗಳನ್ನು ಎದುರುಬದುರು ನೆಟ್ಟಗೆ ನಿಲ್ಲಿಸಿದ, ಕಿಡಿ ಹಾರಿಸಿ ಬೆಸೆದ. ಕಲೆಯಿಲ್ಲ, ಗೆರೆಯಿಲ್ಲ. ಎಳೆಯನ್ನು ಮತ್ತೆ ಪಟ್ಟಿಗೆ ಅಂಟಿಸಿ, ಏನೂ ಅರಿಯದವನಂತೆ ಮೂಲೆಯ ಸ್ಟೂಲಿನಲ್ಲಿ ಕೂತ.

ಪರೀಕ್ಷಕರು ಬಂದರು. ಅವಳು ಪಟ್ಟಿಯನ್ನು ಬೆರಳಿನಿಂದ ಒತ್ತಿದಳು. ಎಳೆಯೊಳಗಿನ ಬೆಳಕನ್ನು ತೋರಿಸುವ ಗೆರೆ ಕಂಪ್ಯೂಟರಿನಲ್ಲಿ ಅಲ್ಲಾಡಲಿಲ್ಲ. ಜೋರಾಗಿ ಬಗ್ಗಿಸಿದಳು. ಊಹೂಂ.

ಎಳೆಯನ್ನು ಯಂತ್ರದಲ್ಲಿಟ್ಟು ನೋಡಿದವಳ ಮುಖ ಬಿಳಿಚಿಕೊಂಡಿತು. "ಯಾರು ಮುಟ್ಟಿದ್ದು ಇದನ್ನ?"

ಕೊಕ್ಕರೆ ತಾನಲ್ಲವೆಂದು ತಲೆಯಾಡಿಸಿದ. ಅವಳು ಗಂಡನ ಕಡೆ ತಿರುಗಿದಳು.

"ಅವ್ರು ಸೊಟ್ಟಗೆ ಬೆಸೆದಿದ್ರು," ಅಂದ ಇವನು, ಕೊಕ್ಕರೆಯ ಕಡೆ ಕೈತೋರಿಸಿ. "ಸರಿ ಮಾಡ್ದೆ."

"ಸೊಟ್ಟ ಇದ್ರೇನೇ ಬೆಳಕು ಅಲ್ಲಿ ಎರಡಾಗೋದು ರೀ. ಆಚೆ ಬೆಸುಗೇಲಿ ಮತ್ತೆ ಸೇರಿದಾಗಲೇ ಗೆರೇಲಿ ಅಲೆ ಏಳೋದು." ಅವಳು ಎಳೆಯನ್ನು ಯಂತ್ರದಿಂದ ಕಿತ್ತು ತೆಗೆದಳು. "ಅವರಲ್ಲ ಬೆಸೆದಿದ್ದು. ನಾನು. ಆ ಹದ ಹಿಡಿಯೋಕೆ ಒಂದು ಬೇಸಿಗೆ ಪೂರ್ತಿ ಬೇಕಾಯ್ತು ನಂಗೆ."

ಹಿರಿಯ ಪರೀಕ್ಷಕರು ಕೆಮ್ಮಿದರು. "ನಾವು ಚಹಾ ಕುಡಿದು ಬರ್ತೀವಮ್ಮ. ಅಷ್ಟರಲ್ಲಿ ಆದ್ರೆ ನೋಡೋಣ."

ಅವಳು ಆಗಲೇ ಹೊಸ ಎಳೆಯ ಸಿಪ್ಪೆ ಸುಲಿಯುತ್ತಿದ್ದಳು. ಇವನು ಎದ್ದು ಹೋಗಿ ಕೈಚಾಚಿದ. "ಕೊಡು, ನಾನೇ ಮಾಡಿಕೊಡ್ತೀನಿ."

"ಬೇಡ. ನಿಮ್ಮ ಕೈಗೆ ಇದು ಬರಲ್ಲ."

ಹಾಗೆಂದು ಅವನಿಗೆ ಯಾರೂ ಹೇಳಿದ್ದಿಲ್ಲ. ಕೊಕ್ಕರೆ ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತ.

"ಇನ್ನೊಂಚೂರು ಎಡಕ್ಕೆ."

"ಹೂಂ."

"ಸಾಕು, ಸಾಕು."

ಕಿಡಿ ಹಾರಿತು, ಸ್ವಲ್ಪ ಹೊತ್ತಿಗೆ ಮತ್ತೊಂದು. ಅವಳು ಎಳೆಯನ್ನು ಪಟ್ಟಿಗೆ ಅಂಟಿಸಿ ಒತ್ತಿದಳು. ಮಲಗಿದ್ದ ಗೆರೆ ಎದ್ದು ಅಲೆಯಲೆಯಾಗಿ ಓಡಿತು. ಅವಳು ತಲೆಯೆತ್ತಿ ಬಾಯ್ತುಂಬ ನಕ್ಕಳು, ಕೊಕ್ಕರೆಯ ಕಡೆಗೆ.