ಫರ್ನೇಸು ಕಾಣದ ಕಡ್ಡಿ

ಹಾರೋಹಳ್ಳಿಯ ನಮ್ಮ ಟೆಸ್ಟಿಂಗ್ ಲ್ಯಾಬಿನಲ್ಲಿ ನಾನು ಮುರಿಯದ ಉಕ್ಕಿಲ್ಲ. ಕಡ್ಡಿಯ ಎರಡು ತುದಿಯನ್ನೂ ಮೆಷಿನ್ನಿನ ದವಡೆಗೆ ಕಚ್ಚಿಸಿ ಸ್ವಿಚ್ ಒತ್ತಿದೆನೆಂದರೆ, ಅದು ಎಳೆದೆಳೆದು ಹರಿಯುವ ಸದ್ದಿಗೆ ಕನಕಪುರ ರೋಡಿನ ಬಸ್ಸುಗಳು ಟೈರು ಸಿಡಿಯಿತೆಂದು ನಿಂತುಬಿಡುತ್ತವೆ. ಅತ್ತ ದೊಡ್ಡಮಳೂರಿನಲ್ಲಿ ನಮ್ಮವ್ವ ಬೆಚ್ಚಿ ಮುದ್ದೆ ಕೋಲು ಬೀಳಿಸುತ್ತಾಳೆ. ಸುಳ್ಳು ಅನ್ನಿಸಿದರೆ ಯಾರನ್ನಾದರೂ ಕೇಳಿ, ಅವ್ವನನ್ನು ಬಿಟ್ಟು.

ಇಂಥ ನನ್ನ ಬಾಯಿ ಕಟ್ಟಿದವಳು ಕುಸುಮ. ಕಲ್ಯ ಅನ್ನುವ ಹಳ್ಳಿಯಲ್ಲಿ ಕುರಿ ಸಾಕುವ ನರಸಯ್ಯನವರ ಮಗಳು, ಲೋಹದ ವಿಷಯದಲ್ಲಿ ಎಂ.ಟೆಕ್ ಮಾಡಿದವಳು. ಲ್ಯಾಬಿನ ಗಂಡಸರನ್ನೆಲ್ಲ ಅಣ್ಣ ಅನ್ನುತ್ತಿದ್ದಳು, ನನ್ನೊಬ್ಬನನ್ನು ಮಾತ್ರ ಕನಕರಾಜು ಅನ್ನುತ್ತಿದ್ದಳು. ಆ ಇಲ್ಲದ 'ಅಣ್ಣ'ನನ್ನು ನಂಬಿಕೊಂಡು ನಾನು ಹನ್ನೊಂದು ತಿಂಗಳು ಉಸಿರಾಡಿದೆ.

ಅವಳು ಬಂದಿದ್ದು ಒಂದು ಪಂಪ್ ಕಂಪನಿಯ ಕೆಲಸಕ್ಕೆ. ಉಕ್ಕಿನ ಪುಡಿಯನ್ನು ಲೇಸರಿನಲ್ಲಿ ಕರಗಿಸಿ, ಪದರದ ಮೇಲೆ ಪದರ ಕೂರಿಸಿ ಪ್ರಿಂಟ್ ಮಾಡಿದ, ಎರಡು ಥರದ ಹರಳು ಇರಬೇಕಾದ ಡೂಪ್ಲೆಕ್ಸ್ ಸ್ಟೀಲು ಎಷ್ಟು ಗಟ್ಟಿ ಅಂತ ಹೇಳಬೇಕಿತ್ತು. ಒಂದು ಮಧ್ಯಾಹ್ನ ನನ್ನನ್ನು ಕರೆದು ಮೈಕ್ರೋಸ್ಕೋಪಿನಲ್ಲಿ ತೋರಿಸಿದಳು. ಪ್ರಿಂಟಾದ ಹಾಗೇ ಇದ್ದ ತುಂಡಿನಲ್ಲಿ ಬರೀ ಕಪ್ಪು. ಕರಗಿದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಆರಿಹೋಗುವುದರಿಂದ ಒಂದೇ ಥರದ ಹರಳು ಉಳಿಯುತ್ತದಂತೆ. "ಎಲ್ಲಾ ಕರಿ ಕುರಿ ನೋಡಿ," ಅಂದಳು. ಅದನ್ನೇ ಫರ್ನೇಸಿನಲ್ಲಿ ಸಾವಿರ ಡಿಗ್ರಿ ದಾಟಿಸಿ, ಒಸಿ ಹೊತ್ತು ಬಿಟ್ಟು, ನೀರಿಗೆ ಅದ್ದಿದರೆ ಮಂದೆಯ ಅರ್ಧ ಬಿಳಿ ಕುರಿ. ಆಗಲೇ ಕಡ್ಡಿ ಜಗ್ಗಿದರೆ ನೀಳವಾಗುತ್ತದೆ, ಪಟ್ಟಂತ ಮುರಿಯುವುದಿಲ್ಲ. ಕರಿ ಕುರಿಗೆ ಮ್ಯಾಗ್ನೆಟ್ ಅಂಟುತ್ತದೆ, ಬಿಳಿಗೆ ಅಂಟುವುದಿಲ್ಲ. ಅದಕ್ಕೇ ದಾರಕ್ಕೆ ಕಟ್ಟಿದ ಅಂಗಿ ಗುಂಡಿಯಷ್ಟು ಮ್ಯಾಗ್ನೆಟ್ಟೊಂದು ಅವಳ ಕೋಟಿನ ಜೇಬಿನಲ್ಲಿ ಸದಾ ಇರುತ್ತಿತ್ತು. ಇದೆಲ್ಲ ನನಗೆ ಆಮೇಲೆ ಅರ್ಥವಾಗಿದ್ದು. ಆವತ್ತು ಕಂಡಿದ್ದು ಅವಳ ಬೆರಳಿಗಂಟಿದ್ದ ಪಾಲಿಶಿನ ಪುಡಿ ಮಾತ್ರ.

ಕೊನೆಗೆ ಆರು ಕಡ್ಡಿಯ ಪರೀಕ್ಷೆ ಬಂತು. ಆರೂ ಮುರಿಯುವ ಮುಂಚೆ ಸಾಕಷ್ಟು ನೀಳವಾಗಿ ಪಾಸಾದರೆ ಅವಳು ಸೋಮವಾರ ಕೊಯಮತ್ತೂರಿಗೆ, ಕಂಪನಿಯ ಸ್ವಂತ ಲ್ಯಾಬಿಗೆ. ಐದು ಪಾಸಾದವು. ಆರನೆಯದನ್ನು ನಾನು ಜೇಬಿಗಿಳಿಸಿ, ಡ್ರಾಯರಿನಲ್ಲಿ ಉಳಿದಿದ್ದ, ಫರ್ನೇಸಿನ ಮುಖ ನೋಡದ ಹಳೇ ಕಡ್ಡಿಯನ್ನು ಕಚ್ಚಿಸಿದೆ. ಫೇಲಾದರೆ ಇನ್ನೊಂದು ಬ್ಯಾಚು, ಇನ್ನೂ ಮೂರು ತಿಂಗಳು ಅವಳು ಇಲ್ಲೇ.

ಆ ದರಿದ್ರ ಕಡ್ಡಿ ಐದನ್ನೂ ಮೀರಿಸಿ ಭಾರ ಹೊತ್ತಿತು! ಹೊತ್ತು ಹೊತ್ತು, ಕೂದಲೆಳೆಯಷ್ಟು ಮಾತ್ರ ನೀಳವಾಗಿ ತಟ್ಟನೆ ಮುರಿಯಿತು. ಮ್ಯಾನೇಜರ್ ಮಧುಕುಮಾರ್ ಸ್ಕ್ರೀನಿನ ನಂಬರು ನೋಡಿ, "ಇದು ಕಣ್ಲಾ ಸ್ಟೀಲು ಅಂದ್ರೆ," ಅಂತ ನನ್ನ ಬೆನ್ನು ತಟ್ಟಿದರು. ಕುಸುಮ ಸ್ಕ್ರೀನು ನೋಡಲಿಲ್ಲ. ಎರಡು ತುಂಡನ್ನು ಕೂಡಿಸಿ ಉದ್ದ ಅಳೆದಳು. ಜೇಬಿನಿಂದ ಮ್ಯಾಗ್ನೆಟ್ ತೆಗೆದು ಹತ್ತಿರ ಹಿಡಿದಳು. ಟಕ್ಕಂತ ಹಾರಿ ಕೂತಿತು.

ಹಳೇ ತುಂಡೊಂದು ಬೆರೆತುಹೋಗಿದೆ, ಮತ್ತೆ ಹಾಕುತ್ತೇವೆ ಅಂತ ಹೇಳಿ ಮಧುಕುಮಾರರನ್ನು ಸಾಗಹಾಕಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನನ್ನ ನಿಲ್ಲಿಸ್ಕಳಕ್ಕೆ ಕಡ್ಡಿ ಬದಲಾಯಿಸ್ಬೇಕಿತ್ತಾ? ಬಾಯಿ ಐತಲ್ಲ ನಿಮಗೆ."

ರಾಮನಗರದ ಬೆಟ್ಟಗಳನ್ನೆಲ್ಲ ನಮ್ಮ ತಾತ ಒಬ್ಬನೇ ಹೊತ್ತು ತಂದಿಟ್ಟ ಅಂತ ಬಸ್ಸಿನ ತುಂಬ ಜನರನ್ನು ನಂಬಿಸಿದ ಬಾಯಿ ಇದು. ಆವತ್ತು ಅದರಿಂದ ಹೊರಟಿದ್ದು, "ಟೀ ಕುಡೀತೀರಾ?"

ಅವಳು ಕೈ ಚಾಚಿದಳು. ಜೇಬಿನಲ್ಲಿದ್ದ ನಿಜವಾದ ಆರನೇ ಕಡ್ಡಿಯನ್ನು ಕೊಟ್ಟೆ. ತಾನೇ ಕಚ್ಚಿಸಿದಳು. ಅದು ನಿಧಾನವಾಗಿ ನೀಳವಾಯಿತು, ನಡು ಸಣ್ಣಗಾಯಿತು, ಇನ್ನೂ ನೀಳವಾಯಿತು. ಇದೊಂದು ಮುರಿಯದಿರಲಿ ಅಂತ ನಾನು ಮಳೂರಿನ ಅಪ್ರಮೇಯಸ್ವಾಮಿಗೆ ಹರಕೆ ಹೊತ್ತೆ. ಮುರಿಯಿತು. ಪಾಸು.

ಸೋಮವಾರ ಅವಳು ಹೋದಳು. ಮೆಷಿನ್ನಿನ ಕೊಕ್ಕೆಯಲ್ಲಿ ದಾರದ ಮ್ಯಾಗ್ನೆಟ್ ನೇತಾಡುತ್ತಿತ್ತು. ಮರೆತಳೋ ಬಿಟ್ಟಳೋ ಅಂತ ನಾಲ್ಕು ತಿಂಗಳು ಯೋಚಿಸಿದೆ. ಟೀಗೆ ಸಕ್ಕರೆ ಹಾಕಿದೆನೋ ಇಲ್ಲವೋ ಅನ್ನುವುದೂ ಮರೆಯುವಷ್ಟು ಯೋಚಿಸಿದೆ. ಬಸ್ಸಿನಲ್ಲಿ ಕತೆ ಹೇಳುವುದನ್ನೂ ಬಿಟ್ಟೆ. ಜನ ನನಗೆ ಹುಷಾರಿಲ್ಲ ಅಂದುಕೊಂಡರು.

ಮೊನ್ನೆ ಕೊಯಮತ್ತೂರಿನಿಂದ, ನಿಮ್ಮಲ್ಲೂ ಒಮ್ಮೆ ಮುರಿದು ನೋಡಿ ಅಂತ, ಒಂದು ಡಬ್ಬಿ ಬಂತು. ಆರು ಕಡ್ಡಿ, ಅವಳ ಕೈಬರಹದ ನಂಬರು. ಆರೂ ಫರ್ನೇಸು ಕಂಡವು ಅಂತ ಕಾಗದ ಹೇಳುತ್ತಿತ್ತು. ಅಭ್ಯಾಸಕ್ಕೆ ಮ್ಯಾಗ್ನೆಟ್ ಹಿಡಿದೆ. ಐದರ ಹತ್ತಿರ ಅದು ಸೋಮಾರಿಯಂತೆ ವಾಲಿತು. ಆರನೆಯದಕ್ಕೆ ಟಕ್ಕಂತ ಹಾರಿತು.

ಮೂರು ಸಲ ಹಿಡಿದು ನೋಡಿದೆ. ಕುಸುಮ ಕೈತಪ್ಪಿ ಕಡ್ಡಿ ಬೆರೆಸುವವಳಲ್ಲ. ಅನುಮಾನ ಬಂದ ತುಂಡನ್ನು ಮುರಿಯುವ ಮುಂಚೆ ಕಳಿಸಿದವರಿಗೆ ಫೋನ್ ಮಾಡಬೇಕು ಅನ್ನುವುದು ನಮ್ಮ ಲ್ಯಾಬಿನ ರೂಲು. ಅದು ಅವಳಿಗೂ ಗೊತ್ತು.

ಫೋನ್ ಮಾಡಿದೆ. ಆರನೇ ಕಡ್ಡಿ ಕಾಯಿಸಿಲ್ಲ ಅಂದೆ.

"ಗೊತ್ತು," ಅಂದಳು. "ಅದನ್ನ ಬುಟ್ಟು ಇನ್ನೇನಾದ್ರೂ ಹೇಳದೈತಾ, ಕನಕರಾಜು?"

ಮೆಷಿನ್ ಆಫ್ ಮಾಡಿದೆ.

"ಐತೆ," ಅಂದೆ.